ಗಾಲಿಯ ಗಣಿತ

ಬೀದರ್ ನಗರವು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅಲ್ಲಿಂದ ಉತ್ತರಕ್ಕೆ ಔರಾದಿನ ಕಡೆಗೆ ಹೋಗುವ ರಸ್ತೆಯು ದಿಬ್ಬವಿಳಿದು ಮಾಂಜ್ರಾ ನದಿಯನ್ನು ದಾಟುತ್ತದೆ. ವಾಯವ್ಯಕ್ಕೆ ಭಾಲ್ಕಿಯ ಕಡೆಗೆ ಹೋಗುವ ರಸ್ತೆಯೂ ಕೆಂಪು ನೆಲವನ್ನು ಬಿಟ್ಟು ಎರೆಭೂಮಿಗೆ ಇಳಿಯುತ್ತದೆ. ಎರಡೂ ಊರುಗಳು ಬೀದರಿನಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿವೆ. ಈ ರಸ್ತೆಗಳಲ್ಲಿ ಶಿಕ್ಷಕರು, ಹಾಲಿನವರು, ರೈತರು, ವ್ಯಾಪಾರಿಗಳು ನಿತ್ಯವೂ ಮೋಟಾರ್ ಸೈಕಲ್ಲುಗಳ ಮೇಲೆ ಓಡಾಡುತ್ತಾರೆ.

ಹೊಸ ಮೋಟಾರ್ ಸೈಕಲ್ ಒಂದು ಊರಿಗೆ ಬಂದರೆ ಹುಡುಗರು ಅದರ ಸುತ್ತ ನೆರೆಯುವುದನ್ನು ನೀವು ಕಂಡಿರಬಹುದು. ಅವರು ಮೊದಲು ನೋಡುವುದು ವೇಗಮಾಪಕದ ಕೊನೆಯ ಅಂಕೆಯನ್ನು. ಅಲ್ಲಿ 160 ಎಂದು ಬರೆದಿದ್ದರೆ ವಾಹನವು ಅಷ್ಟು ಓಡಿಯೇ ಓಡುತ್ತದೆಂದು ಅವರ ನಂಬಿಕೆ. ಆದರೆ ವಾಹನದ ಯೋಗ್ಯತೆಯನ್ನು ನಿರ್ಧರಿಸುವುದು ಆ ಅಂಕೆಯಲ್ಲ. ಸಂಸಾರದಲ್ಲಿ ಆದಾಯ ವೆಚ್ಚಗಳಿರುವಂತೆ ಮೋಟಾರ್ ಸೈಕಲ್ಲಿಗೂ ಜಮಾ ಖರ್ಚುಗಳಿವೆ. ಎಂಜಿನ್ನು ಗಳಿಸುತ್ತದೆ, ನೆಲ, ಗಾಳಿ, ಏರುಗಳು ಖರ್ಚು ಮಾಡಿಸುತ್ತವೆ. ಈ ಲೆಕ್ಕವನ್ನು ನಾವು ಕ್ರಮವಾಗಿ ಪರಿಶೀಲಿಸೋಣ.

ಮೊದಲು ಗಳಿಕೆ. ನಮ್ಮ ರಾಜ್ಯದ ಮೈಸೂರಿನಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಐಡಿಯಲ್ ಜಾವಾ ಎಂಬ ಕಾರ್ಖಾನೆ ನಡೆಯಿತು. ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳು ತಯಾರಾಗುತ್ತಿದ್ದುದು ಅಲ್ಲಿಯೇ. ಜಾವಾ 250ರ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್. ಅದರೊಳಗೆ ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರ್. ಸಿಲಿಂಡರಿನ ಗಾತ್ರವನ್ನು ಕಂಡುಹಿಡಿಯುವ ಸೂತ್ರವನ್ನು ನೀವು ಬಲ್ಲಿರಿ. ತ್ರಿಜ್ಯ 3.25 ಸೆಂಟಿಮೀಟರ್, ಅದರ ವರ್ಗ 10.56. ಅದನ್ನು 3.14ರಿಂದಲೂ 7.5ರಿಂದಲೂ ಗುಣಿಸಿದರೆ ಸುಮಾರು 249 ಘನ ಸೆಂಟಿಮೀಟರ್ ದೊರೆಯುತ್ತದೆ. ಜನರು ಬಾಯಲ್ಲಿ ಆಡುವ ‘ಸಿ.ಸಿ.’ ಎಂದರೆ ಇದೇ.

ಆದರೆ ಸಿ.ಸಿ. ಒಂದರಿಂದಲೇ ಎಂಜಿನ್ನಿನ ಸಾಮರ್ಥ್ಯ ತಿಳಿಯದು. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರನು ನಿರ್ಮಿಸಿದ ಮೊದಲ ಪೆಟ್ರೋಲ್ ಮೋಟಾರ್ ಸೈಕಲ್ಲಿನ ಎಂಜಿನ್ 264 ಸಿ.ಸಿ.ಯದು. ಅದರ ಸಾಮರ್ಥ್ಯ ಅರ್ಧ ಅಶ್ವಶಕ್ತಿ ಮಾತ್ರ. ಅದಕ್ಕಿಂತ ಚಿಕ್ಕದಾದ ಜಾವಾ ಎಂಜಿನ್ ಸುಮಾರು 12 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಇದಕ್ಕೆ ಕಾರಣವೇನು? ಡೈಮ್ಲರನ ಎಂಜಿನ್ ನಿಮಿಷಕ್ಕೆ ಸುಮಾರು 600 ಸುತ್ತು ತಿರುಗುತ್ತಿತ್ತು. ಜಾವಾ 4,500 ಸುತ್ತುಗಳನ್ನು ಸುಲಭವಾಗಿ ತಿರುಗುತ್ತಿತ್ತು. ಅದರ ಸಿಲಿಂಡರಿನಲ್ಲಿ ಇಂಧನವು ಹೆಚ್ಚು ಒತ್ತಡದಲ್ಲಿ ಉರಿದು ಪಿಸ್ಟನ್ನನ್ನು ಹೆಚ್ಚು ಬಲವಾಗಿ ತಳ್ಳುತ್ತಿತ್ತು. ಜಾವಾ ಎರಡು ಹೊಡೆತದ ಎಂಜಿನ್ ಆದುದರಿಂದ ಪ್ರತಿ ಸುತ್ತಿಗೂ ಒಂದು ತಳ್ಳಿಕೆ. ಎಂದರೆ ಸೆಕೆಂಡಿಗೆ 75 ತಳ್ಳಿಕೆಗಳು. ಸಾಮರ್ಥ್ಯವೆಂದರೆ ಕೆಲಸವು ನಡೆಯುವ ದರ. ಬಲವಾಗಿ ತಳ್ಳಿದರೆ ಸಾಲದು, ಮತ್ತೆ ಮತ್ತೆ ಬೇಗ ಬೇಗ ತಳ್ಳಬೇಕು. ಒಂದು ಅಶ್ವಶಕ್ತಿಯು ಸುಮಾರು 750 ವಾಟುಗಳಿಗೆ ಸಮ. ಆದುದರಿಂದ 12 ಅಶ್ವಶಕ್ತಿ ಎಂದರೆ ಸುಮಾರು 9,000 ವಾಟುಗಳು.

ಈ ಗಳಿಕೆಯನ್ನು ಗಾಲಿಗೆ ಒಪ್ಪಿಸುವುದು ಗೇರುಗಳ ಕೆಲಸ. ಭಾರವಾದ ಬಂಡೆಯನ್ನು ಕದಲಿಸಲು ನಾವು ಉದ್ದವಾದ ಹಾರೆಯನ್ನು ಬಳಸುತ್ತೇವೆ. ಕೈ ಬಹಳ ದೂರ ಚಲಿಸಿದರೂ ಬಂಡೆ ಸರಿಯುವುದು ಸ್ವಲ್ಪವೇ. ಆದರೆ ಬಲವು ಹೆಚ್ಚುತ್ತದೆ. ಗೇರು ಇಂತಹ ಒಂದು ಸುತ್ತುವ ಹಾರೆ. ಮೊದಲನೆಯ ಗೇರಿನಲ್ಲಿ ಎಂಜಿನ್ 18 ಸುತ್ತು ತಿರುಗಿದರೆ ಗಾಲಿಯು ಒಂದು ಸುತ್ತು ತಿರುಗುತ್ತದೆಂದೂ, ಕೊನೆಯ ಗೇರಿನಲ್ಲಿ 6 ಸುತ್ತಿಗೆ ಒಂದೆಂದೂ ಇಟ್ಟುಕೊಳ್ಳೋಣ. ಗಾಲಿಯ ತ್ರಿಜ್ಯ 30 ಸೆಂಟಿಮೀಟರ್ ಆಗಿರಲಿ. ಸರಪಳಿ ಮತ್ತು ಗೇರುಗಳಲ್ಲಾಗುವ ನಷ್ಟವನ್ನು ಸದ್ಯಕ್ಕೆ ಬಿಡೋಣ. 4,500 ಸುತ್ತುಗಳಲ್ಲಿ ಮೊದಲ ಗೇರು ನೆಲವನ್ನು ಸುಮಾರು 1,140 ನ್ಯೂಟನ್ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಆಗ ವೇಗ ಗಂಟೆಗೆ 28 ಕಿಲೋಮೀಟರ್ ಮಾತ್ರ. ಕೊನೆಯ ಗೇರಿನಲ್ಲಿ ವೇಗ 85 ಕಿಲೋಮೀಟರಿಗೆ ಏರುತ್ತದೆ, ಬಲವು 380 ನ್ಯೂಟನ್ನಿಗೆ ಇಳಿಯುತ್ತದೆ. ಬಲವನ್ನು ವೇಗದಿಂದ ಗುಣಿಸಿ ನೋಡಿ. ಎರಡು ಕಡೆಯೂ ಅದೇ 9,000 ವಾಟುಗಳು! ಗೇರು ಹೊಸದೇನನ್ನೂ ಗಳಿಸುವುದಿಲ್ಲ. ಇದ್ದುದನ್ನೇ ಬೇಕಾದ ನಾಣ್ಯಗಳಾಗಿ ಬದಲಾಯಿಸಿ ಕೊಡುತ್ತದೆ.

ಇನ್ನು ಖರ್ಚು. ಸವಾರನೂ ವಾಹನವೂ ಸೇರಿ 200 ಕಿಲೋಗ್ರಾಂ ಇದ್ದರೆ ಅವುಗಳ ತೂಕ ಸುಮಾರು 2,000 ನ್ಯೂಟನ್. ಒಳ್ಳೆಯ ಡಾಂಬರು ರಸ್ತೆಯಲ್ಲಿ ಗಾಲಿಯ ಉರುಳುವಿಕೆಗೆ ಸುಮಾರು 40 ನ್ಯೂಟನ್ ಬಲ ಸಾಕು. ಮಳೆಗಾಲದ ಎರೆಮಣ್ಣಿನಲ್ಲಿ ಇದು ಹಲವು ಪಟ್ಟು ಹೆಚ್ಚುತ್ತದೆ. ಗಾಳಿಯ ತಡೆಯ ರೀತಿಯೇ ಬೇರೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 36 ನ್ಯೂಟನ್ ಇದ್ದರೆ 72 ಕಿಲೋಮೀಟರ್ ವೇಗದಲ್ಲಿ 144 ನ್ಯೂಟನ್. ವೇಗ ಇಮ್ಮಡಿ, ತಡೆ ನಾಲ್ಮಡಿ. ಆ ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯವಂತೂ ಎಂಟು ಮಡಿ! ಈ ಕಾರಣದಿಂದಲೇ, 12 ಅಶ್ವಶಕ್ತಿಯಿಂದ ಗಂಟೆಗೆ 100 ಕಿಲೋಮೀಟರ್ ಓಡುವ ವಾಹನಕ್ಕೆ 24 ಅಶ್ವಶಕ್ತಿಯ ಎಂಜಿನ್ನನ್ನೂ ತಕ್ಕ ಗೇರನ್ನೂ ಕೊಟ್ಟರೂ ಅದು 200ನ್ನು ಮುಟ್ಟದು. ಸುಮಾರು 130ರ ಬಳಿ ನಿಲ್ಲುತ್ತದೆ.

ಔರಾದಿನಿಂದ ಹಿಂದಿರುಗುವ ಸವಾರನು ಬೀದರಿನ ದಿಬ್ಬವನ್ನು ಏರಬೇಕಷ್ಟೆ. ಪ್ರತಿ ಹತ್ತು ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ದಾರಿಯಲ್ಲಿ ತೂಕದ ಹತ್ತನೆಯ ಒಂದು ಭಾಗ, ಎಂದರೆ 200 ನ್ಯೂಟನ್, ಅವನನ್ನು ಹಿಂದಕ್ಕೆಳೆಯುತ್ತದೆ. 85 ಕಿಲೋಮೀಟರ್ ವೇಗದಲ್ಲಿ ಗಾಳಿಗೆ 200, ನೆಲಕ್ಕೆ 40, ಏರಿಗೆ 200: ಒಟ್ಟು ಖರ್ಚು 440 ನ್ಯೂಟನ್. ಕೊನೆಯ ಗೇರಿನ ಗಳಿಕೆಯೋ 380. ಖರ್ಚು ಮಿಕ್ಕಿತು, ವೇಗ ಕುಸಿಯಿತು. ಎಂಜಿನ್ನು ಏದುಸಿರು ಬಿಡುವ ಮೊದಲೇ ತಿಳಿದ ಸವಾರನು ಗೇರನ್ನು ಇಳಿಸುತ್ತಾನೆ. ಅವನು ಸೂತ್ರವನ್ನು ಓದಿರಲಿಕ್ಕಿಲ್ಲ. ಆದರೆ ಅವನ ಕಿವಿಯೂ ಕೈಯೂ ಅದನ್ನು ಬಲ್ಲವು.

ಇಷ್ಟರಿಂದ ಲೆಕ್ಕ ಮುಗಿಯಲಿಲ್ಲ. ಓಡುವ ವಾಹನವು ಒಂದು ಸಾಲವನ್ನು ಹೊತ್ತಿರುತ್ತದೆ. ಅದೇ ಚಲನಶಕ್ತಿ. ನಿಲ್ಲುವಾಗ ಅದನ್ನು ಪೂರ್ತಿಯಾಗಿ ತೀರಿಸಬೇಕು. ಇದು ಕೂಡ ವೇಗದ ವರ್ಗವನ್ನು ಅನುಸರಿಸುತ್ತದೆ. ಬೀದರಿನ ಹಳೆಯ ಪೇಟೆಯ ನಡುವೆ ಇರುವ ಚೌಬಾರಾ ಎಂಬ ಕಾವಲು ಗೋಪುರವು ಸುಮಾರು 22 ಮೀಟರ್ ಎತ್ತರವಾಗಿದೆ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೂ 20 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ಚೌಬಾರಾದ ತುದಿಯ ಬಳಿ ನಿಂತಾಗ ಯಾರಿಗೂ ಎದೆ ನಡುಗುತ್ತದೆ. ಆದರೆ ಅಷ್ಟೇ ಅಪಾಯವನ್ನು ಹೊತ್ತು ರಸ್ತೆಯಲ್ಲಿ ಓಡುವಾಗ ನಮಗೆ ಭಯವೇ ಆಗದು. ಎತ್ತರವು ಕಣ್ಣಿಗೆ ಕಾಣುತ್ತದೆ, ವೇಗವು ಕಾಣುವುದಿಲ್ಲ.

ಭಾಲ್ಕಿಯ ರಸ್ತೆಯಲ್ಲಿ ಇಬ್ಬರು ಸವಾರರು ಹೊರಟಿದ್ದಾರೆಂದು ಭಾವಿಸಿ. ಒಬ್ಬನ ವೇಗ 60 ಕಿಲೋಮೀಟರ್. ಅವನು 40 ನಿಮಿಷಗಳಲ್ಲಿ ಊರು ಸೇರುತ್ತಾನೆ. ಇನ್ನೊಬ್ಬನದು 80, ಅವನಿಗೆ 30 ನಿಮಿಷ ಸಾಕು. ಲಾಭ ಹತ್ತು ನಿಮಿಷ. ಸುಗ್ಗಿಯ ಕಾಲ, ತಿರುವಿನಾಚೆ ಕಬ್ಬಿನ ಗಾಡಿಯೊಂದು ರಸ್ತೆಗೆ ಅಡ್ಡವಾಗಿ ನಿಂತಿದೆ. ಇಬ್ಬರೂ ಅದನ್ನು ಒಂದೇ ಸ್ಥಳದಲ್ಲಿ ಕಾಣುತ್ತಾರೆ. ಕಂಡು, ತಿಳಿದು, ಬ್ರೇಕು ಹಿಡಿಯುವುದಕ್ಕೆ ಇಬ್ಬರಿಗೂ ಒಂದು ಸೆಕೆಂಡ್ ಬೇಕು. ಅನಂತರ ಬ್ರೇಕು ಪ್ರತಿ ಸೆಕೆಂಡಿಗೆ 5 ಮೀಟರ್‌ನಂತೆ ವೇಗವನ್ನು ಇಳಿಸುತ್ತದೆ. ಮೊದಲಿನವನು 44 ಮೀಟರ್ ದೂರದಲ್ಲಿ ನಿಲ್ಲುತ್ತಾನೆ. ಎರಡನೆಯವನಿಗೆ ಸುಮಾರು 72 ಮೀಟರ್ ಬೇಕು. ಗಾಡಿಯು 45 ಮೀಟರ್ ದೂರದಲ್ಲಿದ್ದರೆ ಮೊದಲಿನವನು ಅದರ ಮುಂದೆ ನಿಂತು ಬೆವರೊರೆಸಿಕೊಳ್ಳುತ್ತಾನೆ. ಎರಡನೆಯವನು ಅದೇ ಸ್ಥಳವನ್ನು ತಲುಪುವಾಗ ಅವನ ವೇಗವೆಷ್ಟು? ಇಪ್ಪತ್ತು ಕಿಲೋಮೀಟರ್ ಎಂದು ಹಲವರು ಊಹಿಸುತ್ತಾರೆ. ಲೆಕ್ಕವು ಹೇಳುವುದು ಬೇರೆ: ಅದು ಇನ್ನೂ 59 ಕಿಲೋಮೀಟರ್ ಸಮೀಪ ಇರುತ್ತದೆ! ಒಕ್ಕುವುದಕ್ಕೆಂದು ರಸ್ತೆಯ ಮೇಲೆ ಹರಡಿದ ತೊಗರಿ ಕಟ್ಟಿಗೆಯೋ ಮಳೆಯ ನೀರೋ ಇದ್ದರೆ ಗಾಲಿಯ ಹಿಡಿತ ಕಡಿಮೆಯಾಗಿ ಪರಿಣಾಮವು ಇನ್ನೂ ಘೋರವಾಗುತ್ತದೆ.

ಶಿರಸ್ತ್ರಾಣವೂ ಇದೇ ಗಣಿತದ ಕೂಸು. ಅದರೊಳಗಿನ ಮೆತ್ತೆಯು ತಾನು ಕುಗ್ಗಿ, ತಲೆಯು ನಿಲ್ಲುವ ಅವಧಿಯನ್ನು ಹೆಚ್ಚಿಸುತ್ತದೆ. ಅವಧಿ ಹೆಚ್ಚಿದಷ್ಟೂ ಬಡಿತದ ಬಲ ತಗ್ಗುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯು ಹದಿನೆಂಟು ವರ್ಷ ತುಂಬದವರಿಗೆ ಗೇರುಳ್ಳ ಮೋಟಾರ್ ಸೈಕಲ್ಲನ್ನು ನಡೆಸಲು ಅವಕಾಶ ಕೊಡುವುದಿಲ್ಲ. ನಿಮಗೆ ಇನ್ನೂ ಕೆಲವು ವರ್ಷಗಳಿವೆ. ಅಷ್ಟರೊಳಗೆ ಗಣಿತವನ್ನು ಕಲಿಯಿರಿ. ಎಂಜಿನ್ನಿನ ಗಳಿಕೆಯನ್ನು ಹೊಗಳುವವರು ಬಹಳ ಮಂದಿ. ವೇಗದ ಸಾಲವನ್ನು ಎಣಿಸಬಲ್ಲವನೇ ನಿಜವಾದ ಸವಾರ. ಅವನು ಹತ್ತು ನಿಮಿಷ ತಡವಾಗಿಯಾದರೂ ಮನೆಗೆ ಬಂದು ಸೇರುತ್ತಾನೆ.

ಅಭ್ಯಾಸ

1. ಸಿಲಿಂಡರಿನ ಗಾತ್ರವೊಂದರಿಂದಲೇ ಎಂಜಿನ್ನಿನ ಸಾಮರ್ಥ್ಯ ತಿಳಿಯದು ಏಕೆ? ಉದಾಹರಣೆಯೊಡನೆ ವಿವರಿಸಿ.
2. ‘ಗೇರು ಹೊಸದೇನನ್ನೂ ಗಳಿಸುವುದಿಲ್ಲ’ ಎಂಬ ಮಾತನ್ನು ಸಮರ್ಥಿಸಿ.
3. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿರುವ ಸವಾರನು ಪಾಠದಲ್ಲಿ ಹೇಳಿದ ಬ್ರೇಕಿನಿಂದ ಎಷ್ಟು ದೂರದಲ್ಲಿ ನಿಲ್ಲುತ್ತಾನೆ?
4. ನಿಮ್ಮ ಊರಿನ ಎತ್ತರವಾದ ಕಟ್ಟಡವೊಂದನ್ನು ಆರಿಸಿಕೊಂಡು, ಅದರ ತುದಿಯಿಂದ ಬೀಳುವುದು ಯಾವ ವೇಗದ ಬಡಿತಕ್ಕೆ ಸಮವೆಂಬುದನ್ನು ಲೆಕ್ಕ ಹಾಕಿ.