ಮಗುವಿನ ಗಂಟಲು ಕೆಂಪಾದಾಗ

ನೋಡಮ್ಮ, ಮಗುವಿಗೆ ಟಾನ್ಸಿಲ್ ಊದಿದಾಗ ಮನೆಗಳಲ್ಲಿ ಎರಡು ಥರದ ತಪ್ಪು ನಡೆಯುತ್ತದೆ. ಬರೀ ನೆಗಡಿಯ ಗಂಟಲುನೋವಿಗೂ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ಕುಡಿಸುತ್ತಾರೆ. ಅದು ನಿಜವಾಗಿ ಬೇಕಾದ ಮಗುವಿಗೆ ಮೂರನೇ ದಿನಕ್ಕೇ ನಿಲ್ಲಿಸಿಬಿಡುತ್ತಾರೆ. ನನಗೆ ಹೆಚ್ಚು ಭಯ ಈ ಎರಡನೆಯದರದ್ದು.

• ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡು. ಕಿರುನಾಲಿಗೆಯ ಎರಡು ಬದಿಗೆ ಕಾಣುವ ಗಡ್ಡೆಗಳೇ ಟಾನ್ಸಿಲ್. ಚಿಕ್ಕ ಮಕ್ಕಳಲ್ಲಿ ಅವು ಸಹಜವಾಗಿಯೇ ದಪ್ಪಗಿರುತ್ತವೆ. ನೋವು, ಜ್ವರ, ಉಸಿರಿನ ತೊಂದರೆ ಇಲ್ಲದಿದ್ದರೆ ಹೆದರಬೇಡ.

• ಮೂಗು ಸೋರುತ್ತಿದೆ, ಕೆಮ್ಮಿದೆ, ದನಿ ಒಡೆದಿದೆ ಎಂದರೆ ಬಹುಮಟ್ಟಿಗೆ ವೈರಸ್ಸೇ. ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ, ಆಂಟಿಬಯಾಟಿಕ್‌ನಿಂದ ಏನೂ ಉಪಯೋಗವಿಲ್ಲ.

• ಕೆಮ್ಮು, ನೆಗಡಿ ಇಲ್ಲದೆ ಏಕಾಏಕಿ ಜ್ವರ, ಎಂಜಲು ನುಂಗಲೂ ನೋವು, ಟಾನ್ಸಿಲ್ ಮೇಲೆ ಬಿಳಿ ಕೀವು, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು: 5ರಿಂದ 15 ವರ್ಷದ ಮಗುವಿಗೆ ಹೀಗಾದರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಕೆಲವು ಮಕ್ಕಳು ಗಂಟಲಿನ ಮಾತೇ ಎತ್ತದೆ ಹೊಟ್ಟೆನೋವು ಎನ್ನುತ್ತವೆ. ಬರೀ ನೋಡಿ ಡಾಕ್ಟರಿಗೂ ಖಚಿತವಾಗಿ ಹೇಳಲಾಗದು, ಗಂಟಲಿನ ಸ್ವ್ಯಾಬ್ ಪರೀಕ್ಷೆ ಬರೆದರೆ ಮಾಡಿಸು.

• ಈ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ 10 ದಿನ ಕೊಡುತ್ತಾರೆ. ಎರಡು ಮೂರು ದಿನಕ್ಕೆ ಜ್ವರ ಬಿಟ್ಟು ಮಗು ಆಡತೊಡಗುತ್ತದೆ. ಆಗಲೇ ನಾವು ಮೈಮರೆಯುವುದು. ಸರಿಯಾಗಿ ಚಿಕಿತ್ಸೆಯಾಗದ ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ಮೇಲೆ ರುಮ್ಯಾಟಿಕ್ ಜ್ವರ ಬರುತ್ತದೆ. ಇವತ್ತು ಮಂಡಿ ಊದಿದರೆ ನಾಳೆ ಹರಡು. ಕೀಲುನೋವು ವಾಸಿಯಾದೀತು, ಹೃದಯದ ಕವಾಟಕ್ಕೆ ಆದ ಪೆಟ್ಟು ಉಳಿದೇಬಿಡಬಹುದು. ಅಂಥ ಮಕ್ಕಳು ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಅನ್ನು ವರ್ಷಗಟ್ಟಲೆ ಚುಚ್ಚಿಸಿಕೊಳ್ಳಬೇಕು. ಗಂಟಲುನೋವು ಶುರುವಾದ 9 ದಿನದೊಳಗೆ ಔಷಧಿ ಆರಂಭಿಸಿದರೂ ಈ ಜ್ವರವನ್ನು ತಡೆಯಬಹುದು ಕಣಮ್ಮ, ತಡವಾಯಿತೆಂದು ಕೈಚೆಲ್ಲಬೇಡ.

• ಪುಡಿಗೆ ನೀರು ಬೆರೆಸುವ ಸಿರಪ್ ಸಾಮಾನ್ಯವಾಗಿ ಒಂದು ವಾರಕ್ಕಷ್ಟೇ ಬಾಳುತ್ತದೆ, ಉಳಿದ ದಿನಕ್ಕೆ ಎರಡನೇ ಬಾಟಲಿ ಬೇಕು. ಮಿಕ್ಕಿದ್ದನ್ನು ತಮ್ಮನಿಗೋ ತಂಗಿಗೋ ಕುಡಿಸಬೇಡ.

• ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅಳತೆ ಮಗುವಿನ ತೂಕದ ಮೇಲೆ. ಬಾಟಲಿಯನ್ನು ಓದು: 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹಳೆಯ ಅಳತೆಯಲ್ಲೇ ಹೊಸ ಬಾಟಲಿಯಿಂದ ಕೊಟ್ಟರೆ ಡೋಸ್ ಎರಡರಷ್ಟಾದೀತು. ಆಸ್ಪಿರಿನ್ ಬೇಡವೇ ಬೇಡ.

• ಗಂಜಿ, ರಾಗಿ ಅಂಬಲಿ, ಮೆತ್ತಗಿನ ಮೊಸರನ್ನ, ಎಳನೀರು. ತಣ್ಣಗಿನದು ಕೇಳಿದರೆ ಗದರಬೇಡ, ನೋವಿಗೆ ಹಿತವಾಗುತ್ತದೆ. ಉಪ್ಪುನೀರು ಮುಕ್ಕಳಿಸಿ ಉಗುಳಲು ಬರುವ ಮಗುವಿಗೆ ಮಾತ್ರ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು.

• ಕುತ್ತಿಗೆಗೆ ಸುಣ್ಣ ಹಚ್ಚುವುದು, ಗಂಟಲೊಳಗೆ ಬೆರಳಿಟ್ಟು ಗಡ್ಡೆ ಒತ್ತಿಸುವುದು ಬೇಡ. ಹಿರಿಯರು ಹೇಳಿದರೂ ಬೇಡ.

• ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಾಟದಲ್ಲಿ ಸದ್ದು ಬಂದರೆ ಬಾಯೊಳಗೆ ಚಮಚ ಇಟ್ಟು ನೋಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಂಡರೂ ಅಷ್ಟೇ, ಗಂಟಲುಮಾರಿ ಇರಬಹುದು. ಅದನ್ನು ತಡೆಯುವ 5-6 ವರ್ಷದ ಡಿಪಿಟಿ ಬೂಸ್ಟರ್ ಲಸಿಕೆಯನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ, ತಾಯಿ ಕಾರ್ಡ್ ತೆಗೆದು ನೋಡು.

• ಆಪರೇಷನ್‌ಗೆ ಅವಸರ ಬೇಡ. ಒಂದು ವರ್ಷದಲ್ಲಿ 7 ಸಲ, ಅಥವಾ ಸತತ ಎರಡು ವರ್ಷ ವರ್ಷಕ್ಕೆ 5 ಸಲ, ಅಥವಾ ಸತತ ಮೂರು ವರ್ಷ ವರ್ಷಕ್ಕೆ 3 ಸಲ ಜೋರಾಗಿ ಬಂದಿದ್ದರೆ ವೈದ್ಯರು ಯೋಚಿಸುತ್ತಾರೆ. ಹಾಗಾಗಿ ಬಂದ ತಾರೀಖುಗಳನ್ನು ಬರೆದಿಡು. ನಿದ್ದೆಯಲ್ಲಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲುವ ಮಗುವನ್ನು ಮಾತ್ರ ಬೇಗ ಇಎನ್‌ಟಿ ವೈದ್ಯರಿಗೆ ತೋರಿಸು. ಆಪರೇಷನ್ ಆದಮೇಲೆ ಗಾಯದ ಮೇಲೆ ಬಿಳಿ ಪೊರೆ ಕಟ್ಟುವುದು ಸಹಜ. 5ರಿಂದ 10ನೇ ದಿನದ ನಡುವೆ ಅದು ಕಳಚುವಾಗ ರಕ್ತ ಬರಬಹುದು. ಎಂಜಲಿನಲ್ಲಿ ಕೆಂಪು ರಕ್ತ ಕಂಡರೆ, ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗು.