ಜೆಟ್ ಬದಲಿಸುವ ಮೊದಲು ಗಾಳಿಯ ದಾರಿ ಹುಡುಕಿ

ಹಳೆಯ ಟೂ-ಸ್ಟ್ರೋಕ್ ಬೈಕುಗಳ ಎಂಜಿನ್ ಕೆಲಸ ನನಗೆ ಕಲಿಸಿದ ಪಾಠಗಳಲ್ಲಿ ಒಂದನ್ನು ಉಳಿದೆಲ್ಲಕ್ಕಿಂತ ಮೊದಲು ಹೇಳಬೇಕು: ಎಂಜಿನ್‌ಗೆ ಕಳ್ಳದಾರಿಯಿಂದ ಗಾಳಿ ನುಗ್ಗುತ್ತಿದ್ದರೆ ಅದಕ್ಕೆ ಕಾರ್ಬ್ಯುರೇಟರಿನಲ್ಲಿ ಮದ್ದಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಉತ್ಪಾದನೆ ನಿಂತದ್ದು 1996ರಲ್ಲಿ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. ಎಂದರೆ ಇಂದು ಕೈಬದಲಾಗುವ ಇಂಥ ಯಾವ ಬೈಕಾದರೂ ಹೆಚ್ಚುಕಡಿಮೆ ಮೂರು ದಶಕ ಕಂಡದ್ದು. ಅದರ ರಬ್ಬರು, ಪ್ಯಾಕಿಂಗು, ಆಯಿಲ್ ಸೀಲುಗಳಲ್ಲಿ ಯಾವುದು ಯಾವಾಗ ಬದಲಾಗಿದೆ ಎಂದು ಮಾರುವವರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಹೀಗಿರುವಾಗ ಐಡ್ಲಿಂಗ್ ನಿಲ್ಲದ ಬೈಕಿಗೆ ಮೊದಲು ಸ್ಕ್ರೂಡ್ರೈವರ್ ಹಿಡಿದು ಟ್ಯೂನಿಂಗ್‌ಗೆ ಕೂರುವ ನಮ್ಮ ರೂಢಿ ತಪ್ಪು ಎನ್ನುವುದು ನನ್ನ ವಾದ. ಮೊದಲು ಸೋರಿಕೆ ಇದೆಯೋ ಇಲ್ಲವೋ ಸಾಬೀತಾಗಬೇಕು. ಟ್ಯೂನಿಂಗ್ ಅದರ ನಂತರದ ಮಾತು.

ಕಾರಣ ತಿಳಿಯಲು ಟೂ-ಸ್ಟ್ರೋಕ್ ಎಂಜಿನ್ ಉಸಿರಾಡುವ ಬಗೆಯನ್ನು ನೋಡಬೇಕು. ಫೋರ್-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ ಎಣ್ಣೆ ಇರುವ ಜಾಗ. ಅಲ್ಲಿ ಸೀಲ್ ಹೋದರೆ ಆಯಿಲ್ ತೊಟ್ಟಿಕ್ಕುತ್ತದೆ, ಮಿಶ್ರಣ ಕೆಡುವುದಿಲ್ಲ. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೇರಿದಾಗ ಕೆಳಗೆ ನಿರ್ವಾತ ಉಂಟಾಗಿ ಪೆಟ್ರೋಲ್-ಗಾಳಿಯ ಮಿಶ್ರಣ ಒಳಗೆ ಬರುತ್ತದೆ, ಕೆಳಗಿಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಕಾರ್ಬ್ಯುರೇಟರ್ ರಬ್ಬರಿನಿಂದ ಹಿಡಿದು ಸಿಲಿಂಡರ್ ಕೆಳಗಿನ ಪ್ಯಾಕಿಂಗ್, ಕ್ರ್ಯಾಂಕ್‌ಕೇಸ್ ಜೋಡಣೆ, ಎರಡೂ ಬದಿಯ ಆಯಿಲ್ ಸೀಲ್‌ಗಳವರೆಗೆ ಎಲ್ಲಿ ಸಂದಾದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರುತ್ತದೆ. ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಬೇಕು. ಗಾಳಿಯ ಪಾಲು ಹೆಚ್ಚಿದಂತೆ ಎಂಜಿನ್ ಮಿತಿಮೀರಿ ಕಾಯುತ್ತದೆ. ಇಲ್ಲಿ ಇನ್ನೊಂದು ಅಪಾಯವೂ ಸೇರಿಕೊಳ್ಳುತ್ತದೆ. ಪಿಸ್ಟನ್‌ಗೂ ಬೇರಿಂಗ್‌ಗೂ ಎಣ್ಣೆ ತಲುಪುವುದು ಆ ಮಿಶ್ರಣದ ಜೊತೆಯಲ್ಲೇ. ಶಾಖ ಹೆಚ್ಚಿದ ಹೊತ್ತಿಗೇ ಎಣ್ಣೆಯ ಪಾಲು ತಗ್ಗಿರುತ್ತದೆ. ಪಿಸ್ಟನ್ ಜಾಮ್ ಆಗುವುದು ಹೀಗೆ.

ಹಾಗಾದರೆ ದೊಡ್ಡ ಜೆಟ್ ಹಾಕಿ ಪೆಟ್ರೋಲನ್ನೂ ಹೆಚ್ಚಿಸಿದರೆ ಲೆಕ್ಕ ಸರಿಹೋಗುವುದಿಲ್ಲವೇ? ಬೈಕು ಅದರಿಂದ ಚೆನ್ನಾಗಿಯೇ ಓಡುತ್ತದಲ್ಲ ಎಂಬುದು ನಾನು ಹೆಚ್ಚು ಕೇಳುವ ಆಕ್ಷೇಪ. ಕೆಲಕಾಲ ಓಡುತ್ತದೆ, ನಿಜ. ಆದರೆ ಕಾರ್ಬ್ಯುರೇಟರಿನ ಒಂದೊಂದು ಭಾಗಕ್ಕೂ ಒಂದೊಂದು ಪಾಳಿ ಇದೆ. ಆಕ್ಸಿಲರೇಟರ್ ಕಾಲುಭಾಗ ತೆರೆಯುವವರೆಗೆ ಪೈಲಟ್ ಜೆಟ್ಟಿನದೇ ಕಾರುಬಾರು, ಅಲ್ಲಿಂದ ಮುಕ್ಕಾಲಿನವರೆಗೆ ಸೂಜಿಯದು, ಕೊನೆಯ ಕಾಲುಭಾಗ ಮೇನ್ ಜೆಟ್ಟಿನದು. ಸೋರಿಕೆಯ ಸಂದು ಈ ಪಾಳಿಗಳಿಗೆ ಬದ್ಧವಲ್ಲ. ಇನ್‌ಲೆಟ್ ರಬ್ಬರಿನ ಬಿರುಕು ಐಡ್ಲಿಂಗ್‌ನಲ್ಲಿ ದೊಡ್ಡ ಪಾಲು ಗಾಳಿಯನ್ನೂ ಪೂರ್ತಿ ಆಕ್ಸಿಲರೇಟರಿನಲ್ಲಿ ಸಣ್ಣ ಪಾಲನ್ನೂ ಕೊಡುತ್ತದೆ. ಸವೆದ ಆಯಿಲ್ ಸೀಲು ವೇಗ ಮತ್ತು ಶಾಖ ಏರಿದಂತೆ ತನ್ನ ವರ್ತನೆಯನ್ನೇ ಬದಲಿಸಬಹುದು. ಒಂದೇ ಅಳತೆಯ ಜೆಟ್ಟು ಹೀಗೆ ಏರಿಳಿಯುವ ಕೊರತೆಯನ್ನು ತುಂಬಲಾರದು. ಐಡ್ಲಿಂಗ್‌ಗೆ ಸರಿಮಾಡಿದರೆ ಹೆದ್ದಾರಿಯಲ್ಲಿ ಕೆಡುತ್ತದೆ. ಸಂದಂತೂ ದಿನೇದಿನೇ ದೊಡ್ಡದಾಗುತ್ತಲೇ ಇರುತ್ತದೆ. ಬೇರಿನ ರೋಗ ಬಿಟ್ಟು ಜ್ವರಕ್ಕಷ್ಟೇ ಮಾತ್ರೆ ನುಂಗಿದಂತೆ, ಲಕ್ಷಣ ಮರೆಯಾಗುತ್ತದೆ, ಹಾನಿ ಒಳಗೇ ಬೆಳೆಯುತ್ತದೆ.

ಲಕ್ಷಣಗಳನ್ನೇ ನೆಚ್ಚಿಕೊಳ್ಳುವುದೂ ಸರಿಯಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ ಇಳಿಯದೆ ತೂಗಾಡುವುದು, ಬಿಸಿಯಾದ ಮೇಲೆ ಐಡ್ಲಿಂಗ್ ತಾನೇ ಏರುವುದು, ಪ್ಲಗ್ಗಿನ ತುದಿ ಸುಣ್ಣದಂತೆ ಬಿಳುಚುವುದು ಗಾಳಿ ಸೋರಿಕೆಯ ಗುರುತುಗಳೇ. ಆದರೆ ಕೇಬಲ್ ಬಿಗಿಯಾಗಿದ್ದರೂ ಆರ್‌ಪಿಎಂ ಇಳಿಯುವುದಿಲ್ಲ. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಎಂಜಿನ್ ಸದ್ದು ಬದಲಾದರೆ ತಪ್ಪು ಕೇಬಲ್ಲಿನದು. ಪೈಲಟ್ ಜೆಟ್ ಕಟ್ಟಿಕೊಂಡಿದ್ದರೂ, ಫ್ಲೋಟ್ ಮಟ್ಟ ತಗ್ಗಿದ್ದರೂ ಪ್ಲಗ್ ಬಿಳುಚುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಮುಚ್ಚಿದ್ದರೆ ದೂರ ಓಡಿದ ಮೇಲೆ ಪೆಟ್ರೋಲ್ ಸಾಲದಾಗುತ್ತದೆ. ಇನ್ನು ಕ್ಲಚ್ ಕಡೆಯ ಸೀಲ್ ಹೋದಾಗ ಕಾಣುವ ಗುರುತು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಗಾಳಿಯ ಬದಲು ಗೇರ್‌ಬಾಕ್ಸಿನ ಎಣ್ಣೆಯನ್ನೇ ಕ್ರ್ಯಾಂಕ್‌ಕೇಸ್ ಎಳೆದುಕೊಳ್ಳುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಎಣ್ಣೆಯ ಮಟ್ಟ ಇಳಿಯುತ್ತಾ ಹೋಗುತ್ತದೆ. ಹೊಗೆ ಜಾಸ್ತಿ ಎಂದು ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಕಡಿಮೆ ಮಾಡುವವರಿದ್ದಾರೆ. ಸೀಲಿನ ತಪ್ಪಿಗೆ ಪಿಸ್ಟನ್ನಿನ ಎಣ್ಣೆಯನ್ನು ಕಸಿದುಕೊಂಡಂತಾಯಿತು.

ಹೀಗಾಗಿ ಸಾಕ್ಷ್ಯ ಬೇಕು, ಅದು ಸಿಗುವುದು ಪರೀಕ್ಷೆಯಿಂದ. ಚಾಲೂ ಇರುವ ಎಂಜಿನ್ನಿನ ಜೋಡಣೆಗಳ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಆರ್‌ಪಿಎಂ ಬದಲಾಗುತ್ತದೆಯೇ ಎಂದು ನೋಡುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಇನ್‌ಲೆಟ್ ರಬ್ಬರಿನ ಬಿರುಕು ಇದರಲ್ಲಿ ಸಿಗುತ್ತದೆ. ಆದರೆ ಆ ದ್ರವ ಬೇಗ ಬೆಂಕಿ ಹಿಡಿಯುವಂಥದ್ದು, ಪಕ್ಕದಲ್ಲೇ ಕಾದ ಸೈಲೆನ್ಸರ್ ಕೊಳವೆ ಇರುತ್ತದೆ. ಎಂಜಿನ್ ಇನ್ನೂ ತಣ್ಣಗಿರುವಾಗ ಚೂರೇ ಚೂರು ಸಿಂಪಡಿಸಬೇಕು. ಮ್ಯಾಗ್ನೆಟ್ಟಿನ ಹಿಂದೆ ಅಡಗಿರುವ ಸೀಲಿನ ವಿಷಯದಲ್ಲಿ ಈ ವಿಧಾನ ನಂಬಿಕೆಗೆ ಅರ್ಹವಲ್ಲ. ನಾನು ನೆಚ್ಚುವುದು ಒತ್ತಡದ ಪರೀಕ್ಷೆಯನ್ನು. ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಪೋರ್ಟನ್ನು ರಬ್ಬರ್ ಹಾಳೆ ಮತ್ತು ತಗಡಿನಿಂದ ಮುಚ್ಚಬೇಕು. ಎರಡು ಸೈಲೆನ್ಸರಿನ ಯೆಜ್ಡಿಯಲ್ಲಿ ಎರಡನ್ನೂ. ಕಾರ್ಬ್ಯುರೇಟರ್ ತೆಗೆದು ಅದರ ರಬ್ಬರಿಗೆ ಗಾಳಿನಳಿಕೆ ಇರುವ ಬಿರಡೆ ಬಿಗಿದು, ಸುಮಾರು 5 ಪಿಎಸ್‌ಐ ಒತ್ತಡ ಕೊಟ್ಟು ಕಾಯಬೇಕು. ಬಿಪಿ ನೋಡುವ ಉಪಕರಣದ ಬಲ್ಬು ಮತ್ತು ಮೀಟರೇ ಇದಕ್ಕೆ ಸಾಕು: ಅದರ ಗರಿಷ್ಠ 300 ಎಂಎಂ ಪಾದರಸವೆಂದರೆ 5.8 ಪಿಎಸ್‌ಐ, ನಮಗೆ ಬೇಕಾದ 5 ಪಿಎಸ್‌ಐ 260ರ ಆಸುಪಾಸಿನಲ್ಲಿ ಸಿಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಒಳ್ಳೆಯ ಸೀಲುಗಳೂ ಜಾಗಬಿಟ್ಟು ಏಳಬಹುದು. ಮುಳ್ಳು ಇಳಿಯತೊಡಗಿದರೆ ಪ್ರತಿ ಜೋಡಣೆಗೂ ಸೋಪಿನ ನೀರು ಬಳಿಯಬೇಕು. ಗುಳ್ಳೆ ಎದ್ದ ಕಡೆ ಸೋರಿಕೆ. ಎಣ್ಣೆ ಹಾಕುವ ಬಾಯಿಗೆ ಸೋಪಿನ ಪೊರೆ ಕಟ್ಟಿ, ಅದು ಉಬ್ಬಿದರೆ ಕ್ಲಚ್ ಕಡೆಯ ಸೀಲ್ ಹೋಗಿದೆ ಎಂದರ್ಥ. ಆರ್‌ಎಕ್ಸ್‌ನಂಥ ರೀಡ್ ವಾಲ್ವ್ ಎಂಜಿನ್‌ನಲ್ಲಿ ಇನ್‌ಲೆಟ್ಟಿನಿಂದ ಕೊಟ್ಟ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. ಯೆಜ್ಡಿಯಲ್ಲಿ ಪಿಸ್ಟನ್ನೇ ಇನ್‌ಲೆಟ್ ಪೋರ್ಟನ್ನು ಮುಚ್ಚುತ್ತದೆ. ಅದನ್ನು ಮೇಲಿನ ತುದಿಗೆ ತಂದರೆ ಮಾತ್ರ ದಾರಿ ತೆರೆಯುತ್ತದೆ. ಸಿಲಿಂಡರ್ ಹೆಡ್ಡಿನವರೆಗೆ ನೋಡಲು ಪಿಸ್ಟನ್ ಕೆಳಗಿಳಿಸಿ ಪ್ಲಗ್ಗಿನ ರಂಧ್ರದಿಂದ ಗಾಳಿ ಕೊಡಬೇಕು.

ಈ ಪರೀಕ್ಷೆಗೂ ಒಂದು ಮಿತಿ ಇದೆ, ಬಲ್ಲವರು ಅದನ್ನು ಎತ್ತಿ ತೋರಿಸುತ್ತಾರೆ. ಕ್ರ್ಯಾಂಕ್ ಸೀಲಿನ ತುಟಿ ಒಳಮುಖವಾಗಿರುವುದರಿಂದ ಒಳಗಿನ ಒತ್ತಡ ಅದನ್ನು ಶಾಫ್ಟಿಗೆ ಇನ್ನಷ್ಟು ಅದುಮುತ್ತದೆ. ಸವೆದ ಸೀಲೂ ಆಗ ಪಾಸಾಗಿಬಿಡಬಹುದು. ಮಾತು ಸರಿ. ಅದಕ್ಕೇ ಕೈಪಂಪಿನಿಂದ ಗಾಳಿ ಹೀರಿ ನಿರ್ವಾತವನ್ನೂ ನೋಡಬೇಕು. ಎರಡರಲ್ಲೂ ಮುಳ್ಳು ನಿಂತರೆ ಎಂಜಿನ್ ಗಟ್ಟಿ. ಅನುಭವಿ ಮೆಕ್ಯಾನಿಕ್‌ಗೆ ಕಿವಿಯೇ ಸಾಕಲ್ಲ ಎಂಬ ಮಾತನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಳಗಿದ ಕಿವಿ ಸೋರಿಕೆಯ ಗುಮಾನಿಯನ್ನು ಬೇಗ ಹಿಡಿಯುತ್ತದೆ. ಆದರೆ ಎಡ ಸೀಲೋ ಬಲ ಸೀಲೋ, ಪ್ಯಾಕಿಂಗೋ ರಬ್ಬರೋ ಎಂದು ಅದು ಹೇಳಲಾರದು, ಗಿರಾಕಿಗೆ ತೋರಿಸಲೂ ಬರುವುದಿಲ್ಲ. ಇಳಿಯುವ ಮುಳ್ಳನ್ನು ಇಬ್ಬರೂ ನೋಡಬಹುದು. ಅಲ್ಲಿಗೆ ‘ಎಂಜಿನ್ ಫುಲ್ ಬಿಚ್ಚಬೇಕು’ ಎಂಬ ಮಾತಿಗೂ ಒಂದು ಅಳತೆ ಸಿಗುತ್ತದೆ.

ಈಚೆಗೆ ಇನ್ನೊಂದು ಆಕ್ಷೇಪ ಸೇರಿದೆ, ಅದರಲ್ಲಿ ಹುರುಳಿದೆ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದೆ. ಎಥನಾಲ್ ಉರಿಯಲು ಸುಮಾರು 9 ಪಾಲು ಗಾಳಿ ಸಾಕು. ಹಾಗಾಗಿ ಹಳೆಯ ಜೆಟ್ಟಿಗೆ ಇಂದಿನ ಇಂಧನ ತುಸು ತೆಳುವಾಗಿಯೇ ಕಾಣುತ್ತದೆ. ದೋಷ ಪೆಟ್ರೋಲಿನದು, ಜೆಟ್ ಬದಲಿಸುವುದೇ ದಾರಿ ಎನ್ನುವವರ ತರ್ಕ ಇದು. ಆದರೆ ಒತ್ತಡದ ಪರೀಕ್ಷೆಯಲ್ಲಿ ಪೆಟ್ರೋಲಿಗೆ ಪಾತ್ರವೇ ಇಲ್ಲ. ಮುಳ್ಳು ಇಳಿದರೆ ಸೋರಿಕೆ ಇದೆ, ಇಂಧನ ಯಾವುದಾದರೂ ಸರಿ. ಮುಳ್ಳು ನಿಂತೂ ಪ್ಲಗ್ ಬಿಳುಚಿದ್ದರೆ, ಆಗ ಜೆಟ್ ಬದಲಿಸುವುದು ನ್ಯಾಯವಾದ ಕೆಲಸ. ಜೊತೆಗೆ, ಎಥನಾಲ್‌ಗೆಂದು ಮಾಡದ ಹಳೆಯ ರಬ್ಬರು ಅದಕ್ಕೆ ಸಿಕ್ಕಿ ಉಬ್ಬಿ ಬಿರಿಯುವುದರಿಂದ ಸೋರಿಕೆಯ ತಪಾಸಣೆ ಈಗ ಹಿಂದಿಗಿಂತ ಹೆಚ್ಚು ಅಗತ್ಯ.

ರಿಪೇರಿಯಲ್ಲೂ ಇದೇ ನಿಯಮ: ಕಾರಣ ಸರಿಯಾಗಬೇಕು, ತೇಪೆ ಸಲ್ಲದು. ಬಿರಿದ ರಬ್ಬರಿಗೆ ಅಂಟು ಬಳಿದರೆ ಪೆಟ್ರೋಲ್ ಅದನ್ನು ಕರಗಿಸುತ್ತದೆ. ಹೊಸ ರಬ್ಬರೇ ಬೇಕು. ಸಿಲಿಂಡರ್ ಕೆಳಗಿನ ಪ್ಯಾಕಿಂಗ್ ದಪ್ಪವಾದರೆ ಸಿಲಿಂಡರ್ ಮೇಲೆದ್ದು ಪೋರ್ಟ್ ತೆರೆಯುವ ಹೊತ್ತೂ ಕಂಪ್ರೆಷನ್ನೂ ಬದಲಾಗುತ್ತವೆ. ಆದ್ದರಿಂದ ಮೂಲದ ದಪ್ಪವನ್ನೇ ಹಾಕಬೇಕು. ಎರಡು ಪ್ಯಾಕಿಂಗ್ ಪೇರಿಸುವುದು, ಪೇಸ್ಟ್ ಮೆತ್ತುವುದು ಬೇಡ. ಹೊಸ ಆಯಿಲ್ ಸೀಲ್ ಕೂರಿಸುವ ಮೊದಲು ಕ್ರ್ಯಾಂಕ್ ಶಾಫ್ಟನ್ನು ಮೇಲೆ-ಕೆಳಗೆ ಅಲುಗಾಡಿಸಿ ನೋಡಬೇಕು. ಬೇರಿಂಗ್ ಸವೆದು ಶಾಫ್ಟ್ ಓಲಾಡುತ್ತಿದ್ದರೆ ಎಷ್ಟು ಒಳ್ಳೆಯ ಸೀಲೂ ಬೇಗ ಹರಿಯುತ್ತದೆ. ಎಲ್ಲ ಕೂಡಿಸಿದ ಮೇಲೆ ಮತ್ತೊಮ್ಮೆ ಒತ್ತಡ ಕೊಟ್ಟು ಮುಳ್ಳು ನಿಲ್ಲುವುದನ್ನು ನೋಡಿ, ಜೆಟ್ಟುಗಳನ್ನು ಕಂಪನಿಯ ಅಳತೆಗೆ ಮರಳಿಸಿ, ಅಲ್ಲಿಂದ ಟ್ಯೂನಿಂಗ್ ಶುರುಮಾಡಬೇಕು. ಹಿಂದಿನವರು ಸೋರಿಕೆ ಮರೆಸಲು ಹಾಕಿದ ದೊಡ್ಡ ಜೆಟ್ ಹಾಗೇ ಉಳಿದರೆ ಬೈಕು ಈಗ ಪೆಟ್ರೋಲ್ ಕುಡಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ.

ಇಷ್ಟೆಲ್ಲ ತಾಪತ್ರಯ ಒಂದು ಹಳೆಯ ಬೈಕಿಗೆ ಯಾಕೆ ಎಂದರೆ ಉತ್ತರ ಸಿಲಿಂಡರಿನಲ್ಲಿದೆ. ಪಿಸ್ಟನ್ ಒಮ್ಮೆ ಜಾಮ್ ಆಗಿ ಸಿಲಿಂಡರಿಗೆ ಗೀರು ಬಿತ್ತೆಂದರೆ ಬೋರ್ ಮಾಡಿಸಬೇಕು. ಬೋರ್ ಮಾಡಿಸಿದಷ್ಟೂ ಗೋಡೆಯ ಲೋಹ ಕಡಿಮೆಯಾಗುತ್ತದೆ, ಓವರ್‌ಸೈಜ್ ಪಿಸ್ಟನ್‌ಗೂ ಒಂದು ಕೊನೆಯ ಅಳತೆ ಇದೆ. ತಯಾರಿಕೆ ನಿಂತ ಎಂಜಿನ್‌ಗೆ ಮೂಲ ಸಿಲಿಂಡರ್ ಮತ್ತೆ ಹುಟ್ಟುವುದಿಲ್ಲ. ಒಂದು ಬಲ್ಬು, ಒಂದು ಮೀಟರು, ಸ್ವಲ್ಪ ಸೋಪಿನ ನೀರಿನ ಖರ್ಚು ಆ ನಷ್ಟದ ಮುಂದೆ ಏನೂ ಅಲ್ಲ. ಸೆಕೆಂಡ್‌ಹ್ಯಾಂಡ್ ಟೂ-ಸ್ಟ್ರೋಕ್ ಕೊಂಡವರು ಬಣ್ಣ, ಕ್ರೋಮ್, ಸೀಟ್ ಕವರಿಗೆ ದುಡ್ಡು ಸುರಿಯುವ ಮೊದಲು ಈ ಪರೀಕ್ಷೆ ಮಾಡಿಸಲಿ. ಮೆಕ್ಯಾನಿಕ್ಕುಗಳು ಇದನ್ನು ತಮ್ಮ ಕೆಲಸದ ಮೊದಲ ಹೆಜ್ಜೆಯಾಗಿ ಮಾಡಿಕೊಂಡು, ಅದರ ಕೂಲಿಯನ್ನು ಸಂಕೋಚವಿಲ್ಲದೆ ಕೇಳಲಿ. ತಿಳಿದ ಗಿರಾಕಿ ಖುಷಿಯಿಂದಲೇ ಕೊಡುತ್ತಾನೆ.