ನನ್ನ ಕುಲಗೆಟ್ಟ ಓಟು

ನಾನು ಮೊದಲ ಸಲ ಓಟು ಹಾಕಿದಾಗ ನನಗೆ ಇಪ್ಪತ್ತನಾಲ್ಕು ವರ್ಷ, ಸೊಂಟದ ಮೇಲೆ ಮೂರು ವರ್ಷದ ಮಗಳು. ಹತ್ತೊಂಬತ್ತಕ್ಕೇ ಹಾಕಬಹುದಿತ್ತು. ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್ 28ಕ್ಕೆ ಜಾರಿಗೆ ಬಂದು ಓಟಿನ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಅದೇ ವರ್ಷ ವೈಶಾಖದಲ್ಲಿ ನನ್ನ ಮದುವೆ. ಸರ್ಕಾರ ಓಟು ಕೊಟ್ಟಿತು, ಅಪ್ಪ ಗಂಡನನ್ನು ಕೊಟ್ಟ. ಎರಡಕ್ಕೂ ನನ್ನನ್ನು ಯಾರೂ ಕೇಳಿರಲಿಲ್ಲ.

ತವರು ರೊದ್ದಂ ಕಡೆಯ ಒಂದು ಹಳ್ಳಿ, ಅಂದರೆ ಆಂಧ್ರ. ಕೊಟ್ಟ ಮನೆ ನಾಗಲಮಡಿಕೆ, ಅಂದರೆ ಕರ್ನಾಟಕ. ಎರಡಕ್ಕೂ ಹೊಳೆ ಒಂದೇ, ಉತ್ತರ ಪಿನಾಕಿನಿ. ಆಂಧ್ರದಿಂದ ನಮ್ಮಲ್ಲಿಗೆ ಬಂದು, ನಮ್ಮ ಸುಬ್ರಹ್ಮಣ್ಯನ ಗುಡಿಯ ಊರು ದಾಟಿ, ಪೇರೂರಿನ ಕಡೆ ಮತ್ತೆ ಆಂಧ್ರಕ್ಕೆ ಹೋಗುತ್ತದೆ. ಹೊಳೆ ಅಂದೆನಲ್ಲ, ನೀರಿಗಿಂತ ಮರಳೇ ಹೆಚ್ಚು. ಪಾವಗಡ ತಾಲ್ಲೂಕಿನ ನಕ್ಷೆ ನೋಡಿದವರಿಗೆ ಗೊತ್ತು: ಮೂರೂ ಮುಕ್ಕಾಲು ಕಡೆ ಆಂಧ್ರ, ಒಂದು ಮೂಲೆಯಲ್ಲಿ ಮಾತ್ರ ಕರ್ನಾಟಕದ ಸೆರಗು ಹಿಡಿದುಕೊಂಡಿದೆ. ಜಿಲ್ಲೆ ತುಮಕೂರು, ಲೋಕಸಭೆಗೆ ಚಿತ್ರದುರ್ಗ. ಮನೆಯೊಳಗೆ ಅರ್ಧ ತೆಲುಗು, ಅರ್ಧ ಕನ್ನಡ. ಬೈಯುವಾಗ ತೆಲುಗು, ಲೆಕ್ಕ ಹೇಳುವಾಗ ಕನ್ನಡ.

1989ರ ನವೆಂಬರಿನಲ್ಲಿ ಹೊಳೆಯ ಎರಡೂ ಕಡೆ ಚುನಾವಣೆ, ಎರಡೂ ಕಡೆ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ. ಆ ಕಡೆ ಹಿಂದೂಪುರದಲ್ಲಿ ಎನ್.ಟಿ. ರಾಮರಾವ್ ನಿಂತಿದ್ದರು. ಜೀಪಿಗೆ ಮೈಕು ಕಟ್ಟಿಕೊಂಡು ಸೈಕಲ್ ಗುರುತಿನವರು ಹಾಡುತ್ತಾ ಹೋದರೆ ನಮ್ಮ ಬೀದಿಯ ಹುಡುಗರೂ ಹಿಂದೆ ಓಡೋರು. ನನಗೆ ಮಾತ್ರ ಎಲ್ಲೂ ಓಟಿರಲಿಲ್ಲ. ತವರಲ್ಲಿ ಪಟ್ಟಿ ಬರೆಯೋರು ಬಂದಾಗ ಅಪ್ಪ, “ಮದುವೆ ಆಗಿ ಹೋಗೋಳ ಹೆಸರು ಯಾಕೆ ದಂಡಕ್ಕೆ” ಅಂದಿದ್ದರಂತೆ. ಇಲ್ಲಿ, “ಇನ್ನೂ ಹೊಸಬಳು, ಮುಂದಿನ ಸಲ ನೋಡೋಣ” ಅಂದರು. ಎಲ್ಲರೂ ಓಟಿಗೆ ಹೋದ ದಿನ ನಾನು ಹಿತ್ತಿಲಲ್ಲಿ ಕೂತು ಬಳ್ಳಿಯಿಂದ ಕಡ್ಲೇಕಾಯಿ ಬಿಡಿಸಿದೆ. ಬೇಜಾರಾಯಿತು ಅಂತ ಈಗ ಹೇಳಿದರೆ ಸುಳ್ಳಾಗುತ್ತದೆ. ಆಗ ಅನ್ನಿಸಿದ್ದು ಇಷ್ಟೇ: ಮನೆ ಖಾಲಿ ಇದೆ, ಸ್ವಲ್ಪ ಹೊತ್ತು ತಲೆಯ ಮೇಲಿನ ಸೆರಗು ಇಳಿಸಬಹುದು.

1991ರ ಚುನಾವಣೆಯ ಹೊತ್ತಿಗೆ ಬಾಣಂತನಕ್ಕೆ ತವರಲ್ಲಿದ್ದೆ. 1993ರ ಕೊನೆಯಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆಯ ಮೊದಲ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ನಮ್ಮ ಪಾಲಿಗೆ ಅದು ಬರಲೇ ಇಲ್ಲ. ಹಿರೀಕರು ಕಟ್ಟೆ ಮೇಲೆ ಕೂತು ಅವಿರೋಧ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಎದ್ದುಬಿಟ್ಟರು. ಹಳ್ಳಿಯ ಜಗಳ ಉಳಿಯಿತು ಅಂತ ಎಲ್ಲರಿಗೂ ಖುಷಿ. ಅದರಲ್ಲಿ ಓಟೂ ಉಳಿಯಿತು.

ಪಟ್ಟಿಗೆ ನನ್ನ ಹೆಸರು ಸೇರಿಸಿದ್ದು ಅತ್ತೆ. ಸ್ಕೂಲು ಮೇಷ್ಟ್ರು ದಪ್ಪ ಪುಸ್ತಕ ಹಿಡಿದು ಬಾಗಿಲಿಗೆ ಬಂದ ದಿನ ಗಂಡಸರೆಲ್ಲ ಹೊಲದಲ್ಲಿದ್ದರು. ಅತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟು, “ಇವಳದೂ ಬರ್ಕೋ ಸ್ವಾಮಿ, ನಮ್ಮ ಚಿಕ್ಕ ಸೊಸೆ” ಅಂದರು. “ಗಂಡನ ಹೆಸರೇನಮ್ಮ?” ಅಂತ ಮೇಷ್ಟ್ರು ನನ್ನ ಕಡೆ ತಿರುಗಿದರು. ಹೇಳೋದು ಹೇಗೆ? ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಸ್ಸು ಕಮ್ಮಿ ಅಂತ ಕೇಳಿ ಬೆಳೆದವರು ನಾವು. ನಾನು ನೆಲ ನೋಡಿದೆ. ಅತ್ತೆಯೇ ಹೇಳಿದರು, ಮಗನ ಹೆಸರು ಹೇಳೋಕೆ ತಾಯಿಗೆ ಅಡ್ಡಿಯಿಲ್ಲವಲ್ಲ. ಆದರೆ ಮೇಷ್ಟ್ರು, “ನಿಮ್ಮದು ಸರಿಯಾಗಿದೆಯಾ ನೋಡ್ತೀನಿ, ನಿಮ್ಮ ಯಜಮಾನರ ಹೆಸರು?” ಅಂದಾಗ ಅವರೂ ನೆಲ ನೋಡಿದರು. ಮಾವ ತೀರಿಕೊಂಡು ಆಗಲೇ ಹತ್ತು ವರ್ಷ. ಕೊನೆಗೆ ಎದುರುಮನೆ ಹುಡುಗನನ್ನು ಕೂಗಿ ಹೇಳಿಸಿದ್ದಾಯಿತು.

ಅತ್ತೆ 1952ರಲ್ಲೇ ಓಟು ಹಾಕಿದವರು. ಆಗ ಮುದ್ರೆ ಒತ್ತೋದು ಇರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿತ್ರ; ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. “ಎತ್ತಿನ ಪೆಟ್ಟಿಗೆ ಮುಂದೆ ಯಾರೋ ಹೂವ ಇಟ್ಟಿದ್ರು ಕಣೆ, ನಾನೂ ಕೈ ಮುಗಿದೆ” ಅನ್ನೋರು. ಆ ಮೊದಲ ಪಟ್ಟಿ ಬರೆದಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿ, ಕೊನೆಗೆ ಪಟ್ಟಿಯಿಂದಲೇ ಬಿಟ್ಟುಹೋದರು, ಹೆಚ್ಚಿನವರು ಉತ್ತರದ ರಾಜ್ಯಗಳವರು, ಅಂತ ಆಮೇಲೆ ಎಲ್ಲೋ ಓದಿದೆ. ನಮ್ಮ ಅತ್ತೆಯದು ತಿರುಗಾಮುರುಗಾ. ತಮ್ಮ ಹೆಸರು ಗಟ್ಟಿಯಾಗಿ ಹೇಳೋರು, ಗಂಡನದು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

1994ರ ವಿಧಾನಸಭೆ ಚುನಾವಣೆ ಬಂದದ್ದು ಕಾರ್ತಿಕದಲ್ಲಿ. ಮುಖ್ಯ ಚುನಾವಣಾ ಆಯುಕ್ತ ಶೇಷನ್ ಕಾಲ. ಗೋಡೆ ಬರಹ ಕಡಿಮೆ, ಮೈಕಿನ ಗಲಾಟೆ ಕಡಿಮೆ. ಪುಢಾರಿಗಳು ಆ ಹೆಸರು ಹೇಳುವಾಗ ಆ ಕಡೆ ಈ ಕಡೆ ನೋಡಿ ಹೇಳೋರು. ಹೊಳೆಯಾಚೆಯೂ ಆಗಲೇ ಚುನಾವಣೆ. ಅಲ್ಲಿನ ಮಾತೆಲ್ಲ ಸಾರಾಯಿಯದು. ನಮ್ಮ ಪಿನಾಕಿನಿ ಹರಿದು ಹೋಗಿ ಸಮುದ್ರ ಸೇರೋದು ನೆಲ್ಲೂರಿನ ಹತ್ತಿರ. ಆ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನೋ ಹಳ್ಳಿಯಲ್ಲಿ, ಅಕ್ಷರ ಕಲಿಯೋಕೆ ಕೂತ ಹೆಂಗಸರು ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಿಚ್ಚು ಹಬ್ಬಿ 1993ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು. ನೀರು ಕೆಳಕ್ಕೆ ಹೋಗುತ್ತದೆ, ಸುದ್ದಿ ಮೇಲಕ್ಕೆ ಬಂತು. ನಮ್ಮ ಕಡೆ ಏನಾಯಿತು ಅಂದರೆ, ಆಚೆಯ ಗಂಡಸರು ಮರಳು ತುಳಿದುಕೊಂಡು ಈಚೆಗೆ ಕುಡಿಯೋಕೆ ಬಂದರು. ಕರ್ನಾಟಕದಲ್ಲಿ ಸಾರಾಯಿ ಪಾಕೀಟು ನಿಂತದ್ದು 2007ಕ್ಕೆ. ಚುನಾವಣೆಯ ಹಿಂದಿನ ರಾತ್ರಿ ನಮ್ಮ ಬೀದಿಯಲ್ಲಿ ಪಾಕೀಟುಗಳು ಎಷ್ಟು ಓಡಾಡಿದವು ಅನ್ನೋದಕ್ಕೆ ಬೆಳಿಗ್ಗೆ ನಾನು ಗುಡಿಸಿದ ಅಂಗಳವೇ ಸಾಕ್ಷಿ.

ಆ ರಾತ್ರಿ ಯಜಮಾನರು ಉಂಡು ಕೈ ತೊಳೆಯುತ್ತಾ, ಯಾವ ಗುರುತಿಗೆ ಒತ್ತಬೇಕು ಅಂತ ಹೇಳಿದರು. ಕೇಳಿದ್ದಲ್ಲ, ಹೇಳಿದ್ದು. ನಾನು ಹೂಂ ಅಂದೆ. ಪಾತ್ರೆ ತೊಳೆಯುವಾಗ ಅತ್ತೆ ಪಕ್ಕಕ್ಕೆ ಬಂದು ಕೂತರು. “ಹೂಂ ಅಂದೆಯಲ್ಲ, ಒಳ್ಳೇದಾಯ್ತು. ಒಳಗೋದ ಮೇಲೆ ನೀನಾಯ್ತು, ಮುದ್ರೆ ಆಯ್ತು. ನಿಮ್ಮ ಮಾವನಿಗೂ ನಾನು ಮೂವತ್ತು ವರ್ಷ ಹೂಂ ಅಂದಿದ್ದೀನಿ.”

ಅಷ್ಟು ಹೇಳಿ ಎದ್ದು ಹೋದರು. ಅವರು ಯಾರಿಗೆ ಹಾಕುತ್ತಿದ್ದರೋ ನಾನು ಕೇಳಲಿಲ್ಲ.

ಶಾಲೆಯ ಮುಂದೆ ಎರಡು ಸಾಲು, ಹೆಂಗಸರದು ಬೇರೆ. ನನ್ನ ಮುಂದಿದ್ದ ಅಜ್ಜಿಯೊಬ್ಬಳು ಒಳಗೆ ಹೋದವಳು ಚೀಟಿ ಹಿಡಿದು ಹೊರಗೆ ಇಣುಕಿ, “ಸಾಮೀ, ಇದರಾಗೆ ಸೈಕಲ್ಲೇ ಇಲ್ಲ” ಅಂತ ಕೂಗಿದಳು. ಆಚೆಯ ಹಾಡು ಅಷ್ಟು ಕೇಳಿದ್ದಳು ಪಾಪ. ಅಧಿಕಾರಿಗಳೂ ನಕ್ಕುಬಿಟ್ಟರು. ನಗು ಇಳಿಯುವ ಹೊತ್ತಿಗೆ ನನ್ನ ಸರದಿ.

ಮೊದಲನೆ ಮೇಜಿನವರು ಪಟ್ಟಿಯ ಮೇಲೆ ಬೆರಳಾಡಿಸಿ ನನ್ನ ಹೆಸರು ಜೋರಾಗಿ ಓದಿದರು. ಪೂರ್ತಿ ಹೆಸರು. ಪಕ್ಷಗಳ ಏಜೆಂಟರು ಬೆಂಚಿನ ಮೇಲೆ ಕೂತು ತಮ್ಮ ತಮ್ಮ ಪಟ್ಟಿಯಲ್ಲಿ ಗೀಟು ಹಾಕಿಕೊಂಡರು. ಆ ಐದು ವರ್ಷದಲ್ಲಿ ಆ ಊರಿನಲ್ಲಿ ಯಾರೂ ನನ್ನನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಯಜಮಾನರಿಗೆ ‘ಏಯ್’, ಅತ್ತೆಗೆ ‘ಅಮ್ಮಿ’, ಬೀದಿಗೆ ‘ಚಿಕ್ಕ ಸೊಸೆ’, ಮಗಳು ಹುಟ್ಟಿದ ಮೇಲೆ ‘ಪಾಪೂ ಅಮ್ಮ’. ಸ್ಕೂಲಿನ ಹಾಜರಿಯಲ್ಲಿ ಕೊನೆಯ ಸಲ ಕೇಳಿದ್ದ ಹೆಸರು ಅದು. ಬಾಯಿ ತಪ್ಪಿ ‘ಎಸ್ ಸಾರ್’ ಅನ್ನೋದರಲ್ಲಿದ್ದೆ.

ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿದರು, ಅಡಿಚೀಟಿಗೆ ಸಹಿ ಹಾಕಿಸಿಕೊಂಡರು. ನನ್ನ ಹಿಂದೆ ಅತ್ತೆ ಹೆಬ್ಬೆಟ್ಟು ಒತ್ತಿದರು. ಮೂರನೆಯವರು ಚೀಟಿಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿ, ಬಿಚ್ಚಿ, “ಒತ್ತಿದ ಮೇಲೆ ಹೀಗೇ ಮಡಚಮ್ಮ” ಅಂದು ಮುದ್ರೆ ಕೈಗಿಟ್ಟರು. ಮಗಳನ್ನು ಅತ್ತೆ ಎತ್ತಿಕೊಂಡರು.

ರಟ್ಟಿನ ಮರೆಯ ಹಿಂದೆ ನಾನೊಬ್ಬಳೇ. ಮದುವೆಯಾದ ಮೇಲೆ ನಾಲ್ಕು ಜನರ ನಡುವೆ ಇದ್ದೂ ಯಾರ ಕಣ್ಣಿಗೂ ಬೀಳದ ಜಾಗ ನನಗೆ ಸಿಕ್ಕಿದ್ದು ಅದೇ ಮೊದಲು. ಎಷ್ಟು ಹೊತ್ತು ನಿಂತೆನೋ, “ಆಯ್ತೇನಮ್ಮ?” ಅಂತ ಯಾರೋ ಕೂಗಿದರು. ಗಾಬರಿಯಿಂದ ಮುದ್ರೆ ಒತ್ತಿದೆ. ಯಾವುದಕ್ಕೆ ಅಂತ ಇವತ್ತಿನವರೆಗೆ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳೋದಿಲ್ಲ. ಗಾಬರಿಯಲ್ಲೇ ಮಡಚಿದೆ, ಪೆಟ್ಟಿಗೆಯ ಸೀಳಿಗೆ ತುರುಕಿದೆ, ಹೊರಗೆ ಬಂದೆ. ಮೆಟ್ಟಿಲು ಇಳಿಯುವಾಗ ತಲೆಗೆ ಹೊಳೆಯಿತು: ನಾನು ಅಡ್ಡಕ್ಕೆ ಮೊದಲು ಮಡಚಿದ್ದೆ. ಶಾಯಿ ಹಸಿಯಾಗಿತ್ತು. ಅದು ಕೆಳಗಿನ ಇನ್ನೊಬ್ಬರ ಗುರುತಿನ ಮೇಲೂ ಒತ್ತಿಕೊಂಡಿರಲೇಬೇಕು.

ಅಂಥ ಓಟಿಗೆ ಆಗ ಪೇಪರಿನವರು ಬರೆಯುತ್ತಿದ್ದ ಮಾತು ‘ಕುಲಗೆಟ್ಟ ಮತ’. ಓಟಿಗೂ ಕುಲ ಇದೆಯಾ ಅಂತ ಈಗ ನಗು ಬರುತ್ತದೆ. ಆಗ ಬರಲಿಲ್ಲ. ಗಂಡನಿಗೆ ಹೂಂ ಅಂದು ಮೋಸ ಮಾಡಿದ್ದಕ್ಕೆ ಹೀಗಾಯಿತು ಅಂದುಕೊಂಡೆ. ಎಣಿಕೆಯ ದಿನ ರೇಡಿಯೋ ಮುಂದೆ ಎಲ್ಲರೂ ಕೂತಿದ್ದರು. ರಾಜ್ಯದಲ್ಲಿ ಜನತಾದಳ ಗೆದ್ದು ದೇವೇಗೌಡರು ಮುಖ್ಯಮಂತ್ರಿಯಾದರು, ಆಚೆ ರಾಮರಾವ್ ಮತ್ತೆ ಬಂದರು. ನನ್ನ ಕಿವಿ ಅದರಲ್ಲಿರಲಿಲ್ಲ. ಅಷ್ಟು ಸಾವಿರ ಚೀಟಿಗಳಲ್ಲಿ ಒಂದನ್ನು ಯಾರೋ ಬಿಚ್ಚಿ, ಎರಡು ಗುರುತು ನೋಡಿ, ಥೂ ಅಂತ ಪಕ್ಕಕ್ಕೆ ಎಸೆಯೋದು ಕಣ್ಣಿಗೆ ಕಟ್ಟುತ್ತಿತ್ತು. ಬೆರಳಿನ ಕಪ್ಪು ಬೇರೆ ಹೋಗಲೊಲ್ಲದು. ಹುಣಸೆಹುಳಿ ಹಾಕಿ ಪಾತ್ರೆ ಜೊತೆ ಬೆರಳನ್ನೂ ಉಜ್ಜಿದೆ. ಆ ಶಾಯಿಯಲ್ಲಿರೋದು ಸಿಲ್ವರ್ ನೈಟ್ರೇಟ್, 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ಮಾಡಿ ದೇಶಕ್ಕೆಲ್ಲ ಕಳಿಸುತ್ತಾರೆ, ಬಿಸಿಲಿಗೆ ಇನ್ನೂ ಕಪ್ಪಾಗುತ್ತದೆ ಅಂತ ನನಗೇನು ಗೊತ್ತು. ಉಗುರು ಬೆಳೆದು ಕತ್ತರಿಸಿದಾಗಲೇ ಅದು ಹೋದದ್ದು. ಅಷ್ಟು ದಿನವೂ ಕೈಗೆ ಅಂಟಿದ ಕಳ್ಳತನದ ಹಾಗಿತ್ತು.

ಆಮೇಲಿನ ಚುನಾವಣೆಗಳಲ್ಲಿ ಚೀಟಿಗೆ ಬಾಯಿಂದ ಗಾಳಿ ಊದಿ, ಶಾಯಿ ಆರಿಸಿ, ಉದ್ದಕ್ಕೇ ಮಡಚಿದೆ. ಮೊದಲನೆಯದರ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಎಂಟು ವರ್ಷ ಕಳೆದ ಮೇಲೆ, ಮಗಳ ಮೇಷ್ಟ್ರು ಒಬ್ಬರು ಮನೆಗೆ ಬಂದಾಗ, ಎಣಿಕೆಗೆ ಹೋಗಿ ರಾತ್ರಿಯೆಲ್ಲ ನಿದ್ದೆಗೆಟ್ಟ ಕಥೆ ಹೇಳುತ್ತಿದ್ದರು. ಬೇರೆ ಯಾರದೋ ವಿಷಯ ಅನ್ನೋ ಹಾಗೆ ಕೇಳಿದೆ: “ಒಂದು ಕಡೆ ಒತ್ತಿ ತಪ್ಪು ಮಡಚಿದರೆ ಏನ್ಮಾಡ್ತೀರಿ ಸಾರ್?” ಅವರು ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದರು. ಮುದ್ರೆಯಲ್ಲಿರೋದು ಬಾಣದ ತುದಿಗಳ ಸ್ವಸ್ತಿಕದಂಥ ಗುರುತು. ಅದರ ತುದಿಗಳೆಲ್ಲ ಒಂದೇ ಕಡೆ ತಿರುಗಿರುತ್ತವೆ. ಮಡಚಿದಾಗ ಇನ್ನೊಂದು ಕಡೆ ಅಂಟಿಕೊಂಡರೆ, ಕನ್ನಡಿಯಲ್ಲಿ ಕಂಡ ಹಾಗೆ, ತುದಿಗಳು ಉಲ್ಟಾ ತಿರುಗುತ್ತವೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ನೋಡಿದ ತಕ್ಷಣ ತಿಳಿಯುತ್ತದೆ. “ಅದಕ್ಕೇ ಅಲ್ವಾ ಆ ಗುರುತು ಇಟ್ಟಿರೋದು. ಅಂಥಾ ಓಟು ಹಾಳಾಗಲ್ಲ ತಾಯಿ, ಲೆಕ್ಕಕ್ಕೆ ಬರುತ್ತೆ.”

ಅವರು ಹೋದ ಮೇಲೂ ನೆಲದ ಮೇಲಿನ ಆ ಎರಡು ಗುರುತು ಹಾಗೇ ಇದ್ದವು. ಸಂಜೆ ಕಸ ಗುಡಿಸುವಾಗ ಅಷ್ಟು ಜಾಗ ಬಿಟ್ಟು ಗುಡಿಸಿದೆ. ಅತ್ತೆಗೆ ಹೇಳೋಣ ಅಂದರೆ ಆ ಹೊತ್ತಿಗೆ ಅವರು ಇರಲಿಲ್ಲ, ಹಿಂದಿನ ಪುಷ್ಯದ ತೇರಿನ ವಾರವೇ ತೀರಿಕೊಂಡಿದ್ದರು.

2004ಕ್ಕೆ ನಮ್ಮಲ್ಲಿ ಮಷೀನು ಬಂತು. ಮಡಚೋದೂ ಇಲ್ಲ, ಊದೋದೂ ಇಲ್ಲ, ಗುಂಡಿ ಒತ್ತಿದರೆ ಕೀಂ ಅನ್ನುತ್ತದೆ. ಶಾಲೆಯ ಹೊರಗೆ ಮೇಜು ಹಾಕಿಕೊಂಡು ಕೂತಿದ್ದ ಹುಡುಗ ಎರಡು ಚೀಟಿ ಹರಿದು ಕೊಟ್ಟ. “ಅಕ್ಕಾ, ನಿಮ್ಮದೊಂದು, ನಿಮ್ಮ ಅತ್ತೆಮ್ಮಂದೊಂದು.” ಪಟ್ಟಿಯಲ್ಲಿ ಅವರು ಇನ್ನೂ ನನ್ನ ಮೇಲಿನ ಸಾಲಿನಲ್ಲೇ ಇದ್ದರು. ಪಕ್ಕದಲ್ಲಿ ನಿಂತವನೊಬ್ಬ, ಅದನ್ನು ನನಗೆ ಕೊಡಿ, ಯಾರನ್ನಾದರೂ ಕಳಿಸ್ತೀನಿ ಅಂತ ಕಣ್ಣು ಹೊಡೆದ. ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದೆ, ಅವರು ತೀರಿಕೊಂಡಿದ್ದಾರೆ ಅಂತ ಮೊದಲನೆ ಮೇಜಿನವರಿಗೆ ಹೇಳಿದೆ. ಅವರು ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಏನೋ ಬರೆದು, ನನ್ನ ಹೆಸರು ಕೂಗಿದರು.

ಆಮೇಲೆ ಹೆಸರು ತೆಗೆಸುವ ಅರ್ಜಿ ತಂದೆ, 7ನೇ ನಮೂನೆ. ಯಜಮಾನರು, “ನೀನೇ ಬರಿ, ನಿನ್ನ ಅಕ್ಷರ ಚೆನ್ನಾಗಿದೆ” ಅಂದರು. ಜಗಲಿ ಮೇಲೆ ಕೂತು ಅತ್ತೆಯ ಹೆಸರು ಬರೆದೆ. ಕಾರಣ, ಮರಣ. ಅರ್ಜಿ ಕೊಡುವವರ ಸಂಬಂಧ, ಸೊಸೆ. ನಡುವೆ ಒಂದು ಸಾಲು ಖಾಲಿ ಉಳಿದಿತ್ತು, ಗಂಡನ ಹೆಸರು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಅವರು ಇದ್ದಷ್ಟು ದಿನ ಒಂದು ಸಲವೂ ಬಾಯಿಬಿಟ್ಟು ಹೇಳದ ಆ ಹೆಸರನ್ನು, ದುಂಡಗೆ, ಬಿಡಿಸಿ ಬರೆದೆ.